ಬರ್ಗೆನ್‌ನಲ್ಲಿ ಹೀಟ್ ಪಂಪ್ ಹಾಕಿಸುವ ಮೊದಲು ನೀರಿನ ಯೋಚನೆ ಮಾಡಿ

ನಾರ್ವೆಯ ಬರ್ಗೆನ್‌ಗೆ ಬಂದು ನಾಲ್ಕು ತಿಂಗಳಾಯ್ತು, ಲಾಕ್ಸೆವೋಗ್ ಕಡೆ ಗುಡ್ಡದ ಮೇಲೆ ಹಳೇ ಮರದ ಮನೆ ಕೊಂಡಿದ್ದೀವಿ, ಗೋಡೆಯ ಕರೆಂಟ್ ಹೀಟರ್ ಬಿಟ್ಟರೆ ಬೇರೇನಿಲ್ಲ, ಹೀಟ್ ಪಂಪ್ (ಹೊರಗಿನ ಗಾಳಿಯ ಬಿಸಿ ಹೀರಿ ಮನೆಗೆ ಕೊಡುವ ಯಂತ್ರ) ಹಾಕಿಸೋದಾ, ಯಾವ ಕಂಪನಿದು ಒಳ್ಳೇದು ಅಂತ ಕೇಳಿದ್ದೀರಿ. ಹಾಕಿಸಿ. ಕಂಪನಿ ಯಾವುದು ಅನ್ನೋದು ಆಮೇಲಿನ ಮಾತು. ನಾನು ಇಲ್ಲಿ ಹದಿನಾಲ್ಕು ಚಳಿಗಾಲ ಕಳೆದಿದ್ದೇನೆ. ಈಗಿರುವುದು ಎರಡನೇ ಪಂಪ್. ಮೊದಲನೆಯದನ್ನು ಹಾಕಿಸುವಾಗ ನಾನೂ ನಿಮ್ಮ ಹಾಗೇ ಕಂಪನಿ ಯಾವುದು, ಎಷ್ಟು ಮೈನಸ್ ತನಕ ಓಡುತ್ತದೆ ಅಂತಲೇ ಕೇಳಿದ್ದೆ. ಮನೆ ಹೊರಗೆ ಕೂರಿಸುವ ಔಟ್‌ಡೋರ್ ಯೂನಿಟ್‌ನಿಂದ ಇಳಿಯುವ ನೀರು ಎಲ್ಲಿಗೆ ಹೋಗುತ್ತದೆ ಅಂತ ಕೇಳಲೇ ಇಲ್ಲ.

ಇಲ್ಲಿನ ಚಳಿ ಬಗ್ಗೆ ಅಷ್ಟು ಹೆದರಬೇಡಿ. ಜನವರಿಯಲ್ಲೂ ಸರಾಸರಿ ಸೊನ್ನೆಗಿಂತ ಎರಡು ಡಿಗ್ರಿಯಷ್ಟು ಮೇಲೇ ಇರುತ್ತದೆ. ಕಾಟ ಕೊಡೋದು ತೇವ. ವರ್ಷಕ್ಕೆ ಎರಡು ಮೀಟರಿಗಿಂತ ಜಾಸ್ತಿ ಮಳೆ. ಮಲೆನಾಡಿನಲ್ಲಿ ಇದಕ್ಕಿಂತ ಜೋರು ಮಳೆ ಕಂಡವರು ನಾವು, ಆದರೆ ಅದು ಒಂದು ಕಾಲಕ್ಕೆ ಬಂದು ಹೋಗುತ್ತದೆ. ಇಲ್ಲಿ 2006ರ ಅಕ್ಟೋಬರ್ ಕೊನೆಗೆ ಹಿಡಿದ ಮಳೆ 2007ರ ಜನವರಿ ತನಕ 85 ದಿನ ಒಂದು ದಿನವೂ ತಪ್ಪಿಸಲಿಲ್ಲವಂತೆ. ನಾನು ಬಂದಿದ್ದು ಆಮೇಲೆ, ಪುಣ್ಯ!

ಈ ತೇವಕ್ಕೂ ಪಂಪ್‌ಗೂ ಏನು ಸಂಬಂಧ ಅಂತೀರಾ? ಪಂಪ್ ಹೊರಗಿನ ಗಾಳಿಯಿಂದ ಬಿಸಿ ಹೀರಬೇಕಾದರೆ ಹೊರಗಿನ ಕಾಯಿಲ್ (ಗ್ಯಾಸ್ ಓಡುವ ಸುರುಳಿ ಕೊಳವೆ) ಆ ಗಾಳಿಗಿಂತ ತಣ್ಣಗಿರಬೇಕು. ಹೊರಗೆ ಎರಡು ಮೂರು ಡಿಗ್ರಿ ಇದ್ದರೆ ಕಾಯಿಲ್ ಸೊನ್ನೆಗಿಂತ ಕೆಳಗೆ ಇಳಿದಿರುತ್ತದೆ. ಗಾಳಿಯ ತೇವವೆಲ್ಲ ಅದರ ಮೇಲೆ ಬಿಳಿ ಮಂಜಾಗಿ ಕೂರುತ್ತದೆ. ಒಳನಾಡಿನ ಒಣ ಮೈನಸ್ ಹದಿನೈದರಲ್ಲಿ ಇಷ್ಟು ಕೂರುವುದಿಲ್ಲ, ಅಲ್ಲಿ ಗಾಳಿಯಲ್ಲಿ ನೀರೇ ಕಮ್ಮಿ. ಹಾಗಾಗಿ ನಮ್ಮ ಪಂಪ್ ಆಗಾಗ ನಿಂತು, ದಿಕ್ಕು ತಿರುಗಿಸಿ, ಮನೆಯೊಳಗಿನ ಬಿಸಿಯನ್ನೇ ಸ್ವಲ್ಪ ವಾಪಸ್ ಕಳಿಸಿ ಆ ಮಂಜು ಕರಗಿಸುತ್ತದೆ. ಡಿಫ್ರಾಸ್ಟ್ ಅನ್ನೋದು ಇದನ್ನೇ.

ಮೊದಲ ಸಲ ನೋಡಿದಾಗ ಜೀವ ಬಾಯಿಗೆ ಬಂದಿತ್ತು. ಫ್ಯಾನ್ ನಿಂತಿತು. ಬುಸ್ ಅಂತ ಒಂದು ಸದ್ದು. ನೋಡುನೋಡುತ್ತಿದ್ದಂತೆ ಯೂನಿಟ್‌ನಿಂದ ದಟ್ಟ ಬಿಳಿ ಹೊಗೆ ಎದ್ದಿತು. ಬೆಂಕಿ ಬಿತ್ತು ಅಂತಲೇ ನಾನು ಮಗಳನ್ನು ಎತ್ತಿಕೊಂಡು ಹೊರಗೆ ಓಡಿದೆ. ಪಕ್ಕದ ಮನೆ ಅಜ್ಜಿ ಕಿಟಕಿಯಲ್ಲಿ ನಿಂತು ನಗುತ್ತಿದ್ದರು. ಅದು ಬರೀ ಹಬೆ. ಐದು ಹತ್ತು ನಿಮಿಷದಲ್ಲಿ ಮತ್ತೆ ಬಿಸಿಗಾಳಿ ಶುರುವಾಯಿತು.

ಹೀಗೆ ಕರಗಿದ ನೀರು ಒದ್ದೆ ದಿನಗಳಲ್ಲಿ ಬಕೆಟ್ ತುಂಬುವಷ್ಟು ಇರುತ್ತದೆ. ನಮ್ಮ ಪಂಪ್ ಹಾಕಿದವನು ಯೂನಿಟ್ ಅನ್ನು ಹಿಂಬಾಗಿಲ ಮೆಟ್ಟಿಲ ಮೇಲಿನ ಗೋಡೆಗೇ ಬಿಗಿದು ಹೋಗಿದ್ದ. ಅಲ್ಲಿಗಾದರೆ ಅವನಿಗೆ ಪೈಪ್ ಕಮ್ಮಿ ಸಾಕಾಯಿತು. ಒಂದು ರಾತ್ರಿ ಮೋಡ ಸರಿದು ಹಿಮ ಕಟ್ಟಿತು. ಬೆಳಿಗ್ಗೆ ಕಸದ ಚೀಲ ಹಿಡಿದು ಹೊರಟ ನಮ್ಮ ಯಜಮಾನರು ಆರು ಮೆಟ್ಟಿಲನ್ನೂ ಕೂತೇ ಇಳಿದರು. ಬಾಲದ ಮೂಳೆ ನೋವು ಮಾರ್ಚ್ ತನಕ ಇತ್ತು. ಯೂನಿಟ್ ಜಾಗ ಬದಲಿಸಲು ಮತ್ತೆ ಗ್ಯಾಸ್, ಮತ್ತೆ ಪೈಪ್, ಮತ್ತೆ ದುಡ್ಡು.

ಆದ್ದರಿಂದ ಯಾರೂ ಓಡಾಡದ, ಕೆಳಗೆ ಜಲ್ಲಿ ಇರುವ ಕಡೆ ಹಾಕಿಸಿ, ನೀರು ಅಲ್ಲೇ ಇಂಗಲಿ. ಪೈಪ್‌ನಲ್ಲೇ ಬೇರೆಡೆ ಒಯ್ಯಬೇಕಾದರೆ ಪೈಪ್ ಒಳಗೆ ಹೀಟಿಂಗ್ ಕೇಬಲ್ ಬೇಕು, ಇಲ್ಲದಿದ್ದರೆ ಅದೂ ಹೆಪ್ಪುಗಟ್ಟುತ್ತದೆ. ಮಳೆ ಬಿದ್ದರೆ ಯೂನಿಟ್‌ಗೆ ಏನೂ ಆಗುವುದಿಲ್ಲ. ಆದರೆ ಸೂರಿನಿಂದ ಜಾರುವ ಹಿಮದ ಗಡ್ಡೆ ಬಿದ್ದರೆ ಕಷ್ಟ, ಮೇಲೊಂದು ಸಣ್ಣ ಮಾಡು ಸಾಕು. ಚೆಂದಕ್ಕೆ ಅಂತ ಸುತ್ತ ಮರದ ಪೆಟ್ಟಿಗೆ ಮಾಡಿಸುತ್ತಾರಲ್ಲ, ನನಗದು ಇಷ್ಟವಿಲ್ಲ. ಬಿಟ್ಟ ತಣ್ಣನೆ ಗಾಳಿಯನ್ನೇ ಪಂಪ್ ಮತ್ತೆ ಎಳೆದುಕೊಳ್ಳುತ್ತದೆ. ಮರದ ಗೋಡೆಗೆ ಬಿಗಿದರೆ ನಡುಕ ಒಳಗೆ ಮಲಗುವ ಕೋಣೆ ತನಕ ಗುಂಯ್‌ಗುಡುತ್ತದೆ, ನೆಲದ ಸ್ಟ್ಯಾಂಡ್ ಮೇಲೆ ಕೂರಿಸುವುದೇ ವಾಸಿ. ಪಕ್ಕದವರ ಮಲಗುವ ಕೋಣೆ ಕಿಟಕಿ ಎಲ್ಲಿದೆ ಅಂತಲೂ ನೋಡಿ. ಸೋತ್ರಾ, ಓಯ್ಗಾರ್ಡನ್ ಕಡೆ ಕಡಲಿಗೆ ಮುಖ ಮಾಡಿದ ಮನೆಗಳಲ್ಲಿ ಉಪ್ಪುಗಾಳಿಗೆ ತುಕ್ಕು ಬೇಗ ಹಿಡಿಯುತ್ತದೆ. ನಿಮಗೆ ಅಷ್ಟಿಲ್ಲ.

ಒಳಗಿನ ವಿಷಯ. ಒಂದು ಯೂನಿಟ್ ಅಂದರೆ ಒಂದು ದೊಡ್ಡ ಕೋಣೆ, ಬಾಗಿಲು ತೆರೆದಿದ್ದರೆ ಇನ್ನೊಂದಿಷ್ಟು, ಅಷ್ಟೇ. ಗುಡ್ಡದ ಮನೆಗಳಲ್ಲಿ ಕೆಳ ಅಂತಸ್ತು ಅರ್ಧ ಮಣ್ಣೊಳಗೆ ಇರುತ್ತದೆ. ಬಿಸಿಗಾಳಿ ಮೆಟ್ಟಿಲು ಹತ್ತುತ್ತದೆ, ಇಳಿಯುವುದಿಲ್ಲ. ಕೆಳಗಿನ ಹೀಟರ್‌ಗಳನ್ನು ಕೀಳಿಸಬೇಡಿ. ಸೌದೆ ಒಲೆ ಇದ್ದರೆ ಅದೂ ಇರಲಿ, ಬಿರುಗಾಳಿಗೆ ಕರೆಂಟ್ ಹೋದಾಗ ಅದೇ ಗತಿ. ಪಂಪ್‌ನ ಒಳಗಿನ ಯೂನಿಟ್‌ನ ಫಿಲ್ಟರ್ ಎರಡು ಮೂರು ವಾರಕ್ಕೊಮ್ಮೆ ತೊಳೆಯಿರಿ. ನಮ್ಮ ಒಗ್ಗರಣೆ ಹೊಗೆಗೆ ಇನ್ನೂ ಬೇಗ ಅಂಟಾಗುತ್ತದೆ.

ಇನ್ನೊಂದು, ಗೋಡೆಯಲ್ಲೋ ಕಿಟಕಿ ಮೇಲೋ ಇರುವ ಗಾಳಿಕಿಂಡಿ ಮುಚ್ಚಬೇಡಿ. ಚಳಿ ಬರುತ್ತದೆ ಅಂತ ನಾವು ಮೊದಲ ವರ್ಷ ಹಳೇ ಬಟ್ಟೆ ತುರುಕಿದ್ದೆವು. ಒಳಗೇ ಅಡುಗೆ, ಒಳಗೇ ಬಟ್ಟೆ ಒಣಗಿಸೋದು. ಡಿಸೆಂಬರ್ ಹೊತ್ತಿಗೆ ಬೀರುವಿನ ಹಿಂದೆ ಅಂಗೈಯಗಲ ಕಪ್ಪು ಬೂಷ್ಟು.

ದುಡ್ಡಿನ ಲೆಕ್ಕ ಕೇಳಿದ್ದಿರಿ. ಗಾಳಿಯಿಂದ ಗಾಳಿಗೆ ಬಿಸಿ ಕೊಡುವ ಮಾಮೂಲಿ ಪಂಪ್, ಕೆಲಸ ಸೇರಿ, 20 ರಿಂದ 35 ಸಾವಿರ ಕ್ರೋನ್ ಆಗಬಹುದು. ಇದಕ್ಕೆ ಸರ್ಕಾರಿ ಸಂಸ್ಥೆ ಎನೋವಾದ ಸಹಾಯಧನ ಸಿಗುವುದಿಲ್ಲ. ಹೀಟರ್ ಒಂದು ಯೂನಿಟ್ ಕರೆಂಟ್‌ಗೆ ಒಂದು ಯೂನಿಟ್ ಬಿಸಿ ಕೊಟ್ಟರೆ, ಪಂಪ್ ಇಲ್ಲಿನ ಹವೆಗೆ ಸುಮಾರು ಮೂರು ಕೊಡುತ್ತದೆ. ಚಳಿಗಾಲಕ್ಕೆ ಹೀಟರ್ 6,000 ಯೂನಿಟ್ ತಿನ್ನುತ್ತಿದ್ದರೆ 4,000 ಉಳಿಯಿತು. ಕರೆಂಟ್ ತಂದುಕೊಡುವ ತಂತಿಜಾಲದ ಶುಲ್ಕ ಸೇರಿ ಯೂನಿಟ್‌ಗೆ ಒಂದು ಕ್ರೋನ್ ಅಂತ ಹಿಡಿದರೆ 4,000 ಕ್ರೋನ್. 28 ಸಾವಿರದ ಪಂಪ್‌ನ ದುಡ್ಡು ಹುಟ್ಟಲು ಏಳು ವರ್ಷ. 2025ರ ಅಕ್ಟೋಬರ್‌ನಲ್ಲಿ ಬಂದ ನಾರ್ಗೆಸ್‌ಪ್ರೀಸ್ (ಸರ್ಕಾರದ ಸ್ಥಿರ ದರದ ಯೋಜನೆ) ತೆಗೆದುಕೊಂಡವರಿಗೆ ಕರೆಂಟ್ ದರ, ವ್ಯಾಟ್ ಸೇರಿ, ಯೂನಿಟ್‌ಗೆ 50 ಓರೆ (ಅರ್ಧ ಕ್ರೋನ್) ಅಷ್ಟೇ, ಜಾಲದ ಶುಲ್ಕ ಬೇರೆ, ಹಾಗಾಗಿ ಮೊದಲಿನಷ್ಟು ಬೇಗ ಹುಟ್ಟುವುದಿಲ್ಲ. ಆದರೆ 2022ರ ಜುಲೈನಿಂದ ಜಾಲದ ಬಿಲ್‌ನ ಒಂದು ಭಾಗ, ತಿಂಗಳಲ್ಲಿ ಮೂರು ಬೇರೆ ಬೇರೆ ದಿನ ಅತಿ ಜಾಸ್ತಿ ಉರಿಸಿದ ಗಂಟೆಗಳ ಸರಾಸರಿ ನೋಡಿ ಬರುತ್ತದೆ. ಸಂಜೆ ಅಡುಗೆ, ಹೀಟರ್, ಕಾರ್ ಚಾರ್ಜ್ ಎಲ್ಲ ಒಟ್ಟಿಗೆ ಆದರೆ ಬಿಲ್ ಮೇಲಿನ ಹಂತಕ್ಕೆ ಹಾರುತ್ತದೆ. ಪಂಪ್ ಇದ್ದರೆ ಅಲ್ಲೂ ಸ್ವಲ್ಪ ಉಳಿತಾಯ.

ಪರಿಚಯದವರು ಅಗ್ಗಕ್ಕೆ ಹಾಕಿಕೊಡ್ತೀನಿ ಅಂದರೆ ಬೇಡ ಅನ್ನಿ. ಪಂಪ್‌ನ ಗ್ಯಾಸ್ ಕೆಲಸಕ್ಕೆ ಎಫ್-ಗ್ಯಾಸ್ ಸರ್ಟಿಫಿಕೇಟ್ (ಆ ಗ್ಯಾಸ್ ಮುಟ್ಟುವ ಪರವಾನಗಿ) ಇರುವವರೇ ಬೇಕು, ವೈರಿಂಗ್‌ಗೆ ನೋಂದಾಯಿತ ಎಲೆಕ್ಟ್ರಿಷಿಯನ್. ಅವರು ಕೊಡುವ ಕೆಲಸದ ದಾಖಲೆ ಎತ್ತಿಡಿ, ಮನೆ ಮಾರುವಾಗ ಕೇಳುತ್ತಾರೆ.

ಅಕ್ಟೋಬರ್ ಬಂದರೆ ಊರೆಲ್ಲ ಫೋನ್ ಮಾಡುತ್ತದೆ, ವಾರಗಟ್ಟಲೆ ಕಾಯಬೇಕು, ಆಗಸ್ಟ್‌ನಲ್ಲೇ ಹೇಳಿಬಿಡಿ. ಅವರು ಜಾಗ ನೋಡಲು ಬಂದ ದಿನ ಮಳೆ ಇದ್ದೇ ಇರುತ್ತದೆ. ಕೊಡೆ ಹಿಡಿದು ನೀವೂ ಹೊರಗೆ ಬನ್ನಿ, ಗೋಡೆ ಮೇಲೆ ಗುರುತು ಹಾಕುವಾಗ ಪಕ್ಕದಲ್ಲೇ ನಿಂತು ನೀರು ಎಲ್ಲಿ ಬೀಳುತ್ತದೆ ಅಂತ ಬೆರಳಿಟ್ಟು ತೋರಿಸಲು ಹೇಳಿ.