ಸಹಿಯನ್ನು ನಂಬಿ ನಾನು ಕಳೆದುಕೊಂಡ ಒಂದು ವರ್ಷ

ಅಣ್ಣನನ್ನು ಠಾಣೆಯಲ್ಲಿ ಕೂಡಿಹಾಕಿ ಹೊಡೆದಿದ್ದಾರೆ, ಭಾರತ ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ ಸಹಿ ಹಾಕಿರುವುದರಿಂದ ವಿಶ್ವಸಂಸ್ಥೆಗೆ ದೂರು ಕೊಡಲೇ, ಇಲ್ಲಿಯ ಕೋರ್ಟಿಗೆ ಹೋಗಲೇ ಎಂದು ಕೇಳಿದ್ದೀರಿ. 2011ರಲ್ಲಿ ಇದೇ ಪ್ರಶ್ನೆ ನನ್ನ ಮುಂದಿತ್ತು. ನಿಮ್ಮ ಅಣ್ಣನ ಜಾಗದಲ್ಲಿ ನನ್ನ ತಮ್ಮನಿದ್ದ.

ಅವನು ಕೆಲಸ ಮಾಡುತ್ತಿದ್ದ ಗೋದಾಮಿನಲ್ಲಿ ಕಳವಾಗಿತ್ತು. ವಿಚಾರಣೆಗೆಂದು ಕರೆದೊಯ್ದವರು ಮೂರು ರಾತ್ರಿ ಇಟ್ಟುಕೊಂಡರು. ಬಂಧಿಸಿದ್ದೇವೆ ಎಂದು ಎಲ್ಲಿಯೂ ಬರೆಯಲಿಲ್ಲ, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಬಿಟ್ಟಾಗ ಅವನಿಗೆ ಚಪ್ಪಲಿ ಮೆಟ್ಟಲಾಗುತ್ತಿರಲಿಲ್ಲ. ಎರಡೂ ಅಂಗಾಲುಗಳು ಊದಿ ಕಪ್ಪಾಗಿದ್ದವು. ಅಮ್ಮ ಬಿಸಿನೀರಿನ ಶಾಖ ಕೊಡುತ್ತಾ ಕುಳಿತಳು. ನಾನು ಆ ರಾತ್ರಿಯೇ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯಿರುವ ಜಿನೀವಾಕ್ಕೆ ಪತ್ರ ಬರೆಯಲು ಕುಳಿತೆ.

ನಾನು ರಾಜ್ಯಶಾಸ್ತ್ರದ ಉಪನ್ಯಾಸಕ. ಭಾರತ 1997ರ ಅಕ್ಟೋಬರ್ 14ರಂದು ಆ ಒಪ್ಪಂದಕ್ಕೆ ಸಹಿ ಹಾಕಿತು ಎಂದು ವರ್ಷವರ್ಷವೂ ತರಗತಿಯಲ್ಲಿ ಹೇಳಿದವನು. 2010ರ ಮೇ ತಿಂಗಳಲ್ಲಿ ಲೋಕಸಭೆ ಚಿತ್ರಹಿಂಸೆ ತಡೆ ಮಸೂದೆಯನ್ನು ಅಂಗೀಕರಿಸಿದ ಸುದ್ದಿಯನ್ನು ಕತ್ತರಿಸಿ ಇಟ್ಟುಕೊಂಡಿದ್ದೆ. ರಾಜ್ಯಸಭೆ ಅದನ್ನು ಆಯ್ಕೆ ಸಮಿತಿಗೆ ಒಪ್ಪಿಸಿತ್ತು. ಇನ್ನೇನು ಕಾನೂನು ಬಂದೇಬಿಟ್ಟಿತು ಎಂಬ ನಂಬಿಕೆ ನನ್ನದು. ಹೊಡೆದವರ ಪಕ್ಕದ ಕಟ್ಟಡದಲ್ಲೇ ನ್ಯಾಯ ಸಿಗುತ್ತದೆ ಎಂದು ನಂಬಲು ಆ ರಾತ್ರಿ ಮನಸ್ಸು ಒಪ್ಪಲಿಲ್ಲ. ದೇಶಕ್ಕಿಂತ ದೊಡ್ಡವರು ಯಾರಾದರೂ ಕೇಳಬೇಕು ಅನ್ನಿಸಿತ್ತು. ನಿಮ್ಮ ಪ್ರಶ್ನೆಯಲ್ಲೂ ಆ ಸಂಕಟವೇ ಕಾಣುತ್ತಿದೆ.

ಹನ್ನೊಂದು ಪುಟ ಬರೆದೆ. ಒಪ್ಪಂದದ ಒಂದೊಂದು ವಿಧಿಯನ್ನೂ ತಮ್ಮನ ಮೈಮೇಲಿನ ಒಂದೊಂದು ಗಾಯಕ್ಕೆ ಹೊಂದಿಸಿ, ಆ ಒಪ್ಪಂದದ ಪಾಲನೆಯನ್ನು ನೋಡುವ ಚಿತ್ರಹಿಂಸೆ ವಿರೋಧಿ ಸಮಿತಿಯ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಎರಡು ತಿಂಗಳ ಮೇಲೆ ಜ್ಞಾಪನಾ ಪತ್ರ, ಆಮೇಲೆ ಇನ್ನೊಂದು. ಹೀಗೆ ಕಾಯುತ್ತಾ ಇಲ್ಲಿ ಏನನ್ನೂ ಮಾಡಲಿಲ್ಲ. ಎರಡು ಕಡೆ ದೂರು ಕೊಟ್ಟರೆ ದೊಡ್ಡ ದೂರು ಕೆಡುತ್ತದೆ ಎಂದು ನಾನೇ ಒಂದು ನಿಯಮ ಕಲ್ಪಿಸಿಕೊಂಡಿದ್ದೆ.

ನನ್ನ ತಪ್ಪು ಎಲ್ಲಿತ್ತು ಎಂಬುದನ್ನು ಬಿಡಿಸಿಯೇ ಹೇಳಬೇಕು, ಏಕೆಂದರೆ ನೀವೂ ಅದರ ಹೊಸ್ತಿಲಲ್ಲೇ ನಿಂತಿದ್ದೀರಿ. ಜಮೀನು ಕೊಳ್ಳುವಾಗ ಮೊದಲು ಕರಾರು ಮಾಡಿಕೊಳ್ಳುತ್ತೇವೆ, ಆಮೇಲೆ ಕ್ರಯಪತ್ರ ನೋಂದಣಿಯಾಗುತ್ತದೆ. ಕರಾರು ಹಿಡಿದುಕೊಂಡು ಖಾತೆ ಬದಲಾಯಿಸಿ ಎಂದು ಯಾರೂ ಹೋಗುವುದಿಲ್ಲ. ಒಪ್ಪಂದಕ್ಕೆ ಹಾಕುವ ಸಹಿ ಆ ಕರಾರಿನಂಥದ್ದು. ನೋಂದಣಿಯಂಥದ್ದು ಸ್ಥಿರೀಕರಣ, ಅಂದರೆ ಒಪ್ಪಂದಕ್ಕೆ ಬದ್ಧ ಎಂದು ದೇಶ ಕೊಡುವ ಅಂತಿಮ ಒಪ್ಪಿಗೆ. ಚಿತ್ರಹಿಂಸೆ ವಿರೋಧಿ ಒಪ್ಪಂದವನ್ನು ಭಾರತ ಇಂದಿಗೂ ಸ್ಥಿರೀಕರಿಸಿಲ್ಲ. ನಾನು ಕಾದಿದ್ದ ಮಸೂದೆ 2014ರಲ್ಲಿ ಲೋಕಸಭೆಯ ವಿಸರ್ಜನೆಯೊಂದಿಗೆ ಸತ್ತುಹೋಯಿತು. ಸ್ಥಿರೀಕರಿಸಿ, ಕಾನೂನು ತನ್ನಿ ಎಂದು 2017ರಲ್ಲಿ ಕಾನೂನು ಆಯೋಗ ತನ್ನ 273ನೇ ವರದಿಯಲ್ಲಿ ಕರಡು ಮಸೂದೆಯನ್ನೇ ಬರೆದುಕೊಟ್ಟಿತು. ಸಂಸತ್ತಿಗೆ ಕಾನೂನು ಮಾಡೆಂದು ಆದೇಶಿಸಲಾಗದು ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿತು.

ತೊಡಕು ಅಲ್ಲಿಗೂ ಮುಗಿಯುವುದಿಲ್ಲ. ಸ್ಥಿರೀಕರಿಸಿದ ದೇಶದ ಪ್ರಜೆಯೂ ಆ ಸಮಿತಿಗೆ ನೇರವಾಗಿ ದೂರು ಕೊಡಬೇಕಾದರೆ, ಒಪ್ಪಂದದ 22ನೇ ವಿಧಿಯಂತೆ ಆ ದೇಶ ಪ್ರತ್ಯೇಕವಾಗಿ ಒಪ್ಪಿಗೆ ಘೋಷಿಸಿರಬೇಕು. ಸರ್ಕಾರ ಬಾಗಿಲಿನ ಚೌಕಟ್ಟು ನಿಲ್ಲಿಸಿದ ಮೇಲೂ ಬೀಗದ ಕೈಯನ್ನು ತನ್ನ ಸೊಂಟದಲ್ಲೇ ಇಟ್ಟುಕೊಳ್ಳಬಹುದು. ಇದನ್ನು ಓದಿರಲಿಲ್ಲವೇ? ಓದಿದ್ದೆ. ಅಂಕಗಳಿಗಾಗಿ ಓದಿದ್ದೆ, ಪಾಠಕ್ಕಾಗಿ ಓದಿದ್ದೆ. ತಮ್ಮನ ಕಾಲು ನೋಡಿದ ದಿನ ‘ಸಹಿ’ ಎಂಬ ಪದವೊಂದೇ ನೆನಪಿಗೆ ಬಂತು.

ಜಿನೀವಾದಿಂದ ಉತ್ತರ ಬಂದದ್ದು ಮರುವರ್ಷ. ಅರ್ಧ ಪುಟ, ಮರ್ಯಾದೆಯ ಮಾತು: ಈ ವಿಧಾನವನ್ನು ಒಪ್ಪಿಕೊಂಡ ರಾಷ್ಟ್ರಗಳ ವಿರುದ್ಧದ ದೂರುಗಳನ್ನು ಮಾತ್ರ ಸಮಿತಿ ಪರಿಶೀಲಿಸಬಲ್ಲದು. ಆಮೇಲೆ ಮಾನವ ಹಕ್ಕುಗಳ ಆಯೋಗಕ್ಕೆ ಅರ್ಜಿ ಬರೆದೆ. ಅಷ್ಟರಲ್ಲಿ ಘಟನೆ ನಡೆದು ಹದಿನಾಲ್ಕು ತಿಂಗಳಾಗಿತ್ತು. 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 36(2)ನೇ ಕಲಮಿನ ಪ್ರಕಾರ, ಘಟನೆ ನಡೆದು ಒಂದು ವರ್ಷ ದಾಟಿದ್ದನ್ನು ಆಯೋಗ ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಅರ್ಜಿ ವಾಪಸಾಯಿತು. ವಕೀಲರೊಬ್ಬರ ಬಳಿ ಹೋದೆ. ಅವರು ಕೇಳಿದ ಮೊದಲ ಮಾತು, ‘ಗಾಯದ ಪ್ರಮಾಣಪತ್ರ ಎಲ್ಲಿ?’ ಹನ್ನೊಂದು ಪುಟ ಬರೆದ ನಾನು ತಮ್ಮನನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿರಲಿಲ್ಲ.

ಆ ಹನ್ನೊಂದು ಪುಟಗಳಲ್ಲಿ ಇಲ್ಲದಿದ್ದ ಒಪ್ಪಂದವೊಂದಿತ್ತು. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ 1979ರ ಏಪ್ರಿಲ್‌ನಲ್ಲೇ ಸೇರಿದೆ. ಅದರ 7ನೇ ವಿಧಿ ಚಿತ್ರಹಿಂಸೆಯನ್ನು ನಿಷೇಧಿಸುತ್ತದೆ. ಭಾರತ ತಕರಾರು ಎತ್ತಿದ್ದು ಬೇರೆ ಕಡೆ: ಅಕ್ರಮ ಬಂಧನಕ್ಕೆ ಪರಿಹಾರ ಕೊಡಬೇಕೆನ್ನುವ 9(5)ನೇ ವಿಧಿಗೆ, ನಮ್ಮ ವ್ಯವಸ್ಥೆಯಲ್ಲಿ ಅಂಥ ಹಕ್ಕಿಲ್ಲ ಎಂದು ಬರೆದಿಟ್ಟಿತು. ಆ ತಕರಾರನ್ನು ಸಡಿಲಿಸಿದ್ದು ಇಲ್ಲಿಯ ನ್ಯಾಯಾಲಯಗಳೇ. ಒಡಿಶಾದ ತಾಯಿಯೊಬ್ಬರು, ನೀಲಾಬತಿ ಬೆಹೆರಾ, ಪೊಲೀಸ್ ವಶದಲ್ಲಿ ಸತ್ತ ಮಗನ ಬಗ್ಗೆ 1988ರಲ್ಲಿ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ನ್ಯಾಯಾಲಯ ಪತ್ರವನ್ನೇ ರಿಟ್ ಅರ್ಜಿಯಾಗಿ ತೆಗೆದುಕೊಂಡಿತು, 1993ರಲ್ಲಿ 1,50,000 ರೂಪಾಯಿ ಪರಿಹಾರ ಕೊಡಿಸಿತು, ತೀರ್ಪಿನಲ್ಲಿ ಅದೇ 9(5)ನೇ ವಿಧಿಯನ್ನು ಎತ್ತಿ ಹೇಳಿತು. ಬಂಧಿಸುವಾಗ ಪೊಲೀಸರು ಪಾಲಿಸಬೇಕಾದ ನಿಯಮಗಳನ್ನು ಹಾಕಿಕೊಟ್ಟ 1996ರ ಡಿ.ಕೆ. ಬಸು ತೀರ್ಪಿನಲ್ಲಿ ಆ ತಕರಾರಿಗೆ ಈಗ ಅರ್ಥ ಉಳಿದಿಲ್ಲ ಎಂದೇ ಬರೆಯಿತು. ಆ ಪ್ರಕರಣವೂ ಒಂದು ಪತ್ರದಿಂದಲೇ ಶುರುವಾಗಿದ್ದು. ಅವರೂ ಪತ್ರವನ್ನೇ ಬರೆದರು, ನಾನೂ ಪತ್ರವನ್ನೇ ಬರೆದೆ. ನನ್ನ ಲಕೋಟೆಯ ಮೇಲೆ ವಿಳಾಸ ಬೇರೆಯಿತ್ತು.

ಹಾಗಾಗಿ ‘ವಿಶ್ವಸಂಸ್ಥೆಯೋ ಕೋರ್ಟೋ’ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅಂತರರಾಷ್ಟ್ರೀಯ ಕಾನೂನು ನಮ್ಮ ನ್ಯಾಯಾಲಯದ ಮೇಲಿನ ಮಹಡಿಯಲ್ಲಿ ಕುಳಿತಿಲ್ಲ. ನಮ್ಮಲ್ಲಿ ಒಪ್ಪಂದ ತಾನಾಗಿಯೇ ನೆಲದ ಕಾನೂನಾಗುವುದಿಲ್ಲ. ಅದಕ್ಕಾಗಿ ಸಂಸತ್ತು ಸಂವಿಧಾನದ 253ನೇ ವಿಧಿಯ ಅಧಿಕಾರ ಬಳಸಿ ಕಾಯ್ದೆ ಮಾಡಬೇಕು. ಆದರೆ ಒಪ್ಪಂದಗಳ ಮೇಲಿನ ಗೌರವವನ್ನು ಬೆಳೆಸಬೇಕೆಂದು 51ನೇ ವಿಧಿ ಹೇಳುವುದರಿಂದ, ಕಾಯ್ದೆ ಮೌನವಾಗಿರುವ ಕಡೆ ನ್ಯಾಯಾಧೀಶರು ಒಪ್ಪಂದದ ಬೆಳಕಿನಲ್ಲಿ ಸಂವಿಧಾನವನ್ನು ಓದುತ್ತಾರೆ. 1997ರ ವಿಶಾಖಾ ತೀರ್ಪಿನಲ್ಲಿ ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ವಿರುದ್ಧ ಮಾರ್ಗಸೂಚಿ ಹುಟ್ಟಿದ್ದು ಹಾಗೆ. ಅದರ ಹಿಂದಿದ್ದ ಮಹಿಳೆಯರ ಮೇಲಿನ ತಾರತಮ್ಯ ನಿವಾರಣಾ ಒಪ್ಪಂದವನ್ನು ಭಾರತ 1993ರಲ್ಲಿ ಸ್ಥಿರೀಕರಿಸಿತ್ತು. ನಿಮ್ಮ ಅರ್ಜಿಯಲ್ಲಿ ಮುಂದೆ ನಿಲ್ಲಬೇಕಾದದ್ದು ಜೀವ ಮತ್ತು ಸ್ವಾತಂತ್ರ್ಯವನ್ನು, ಬಂಧಿತರ ಹಕ್ಕನ್ನು ಕಾಯುವ ಸಂವಿಧಾನದ 21 ಮತ್ತು 22ನೇ ವಿಧಿಗಳು, ಡಿ.ಕೆ. ಬಸು ತೀರ್ಪು. ಒಡಂಬಡಿಕೆಯ 7ನೇ ವಿಧಿ ಅವುಗಳ ಬೆನ್ನಿಗಿರಲಿ. ಅಂತರರಾಷ್ಟ್ರೀಯ ಕಾನೂನು ಹಲ್ಲಿಲ್ಲದ್ದು ಎಂದು ಮೂಗು ಮುರಿಯುವವರ ಮಾತನ್ನು ಕೇಳಬೇಡಿ, ಅದೊಂದೇ ಸಾಕು ಎನ್ನುವವರ ಮಾತನ್ನೂ ಕೇಳಬೇಡಿ.

ವಿಶ್ವಸಂಸ್ಥೆಗೆ ಬರೆಯಲೇಬೇಕೆನ್ನಿಸಿದರೆ ಚಿತ್ರಹಿಂಸೆ ಕುರಿತ ವಿಶೇಷ ವರದಿಗಾರರಿಗೆ, ಅಂದರೆ ವಿಶ್ವಸಂಸ್ಥೆ ನೇಮಿಸಿದ ಸ್ವತಂತ್ರ ತಜ್ಞರಿಗೆ, ಬರೆಯಿರಿ. ದೇಶ ಸ್ಥಿರೀಕರಿಸಿರಲಿ ಬಿಡಲಿ, ಅವರು ಸರ್ಕಾರವನ್ನು ಪತ್ರದ ಮೂಲಕ ಪ್ರಶ್ನಿಸಬಲ್ಲರು. ಇಲ್ಲಿಯ ಕೋರ್ಟು ಮುಗಿಯಲಿ ಎಂದು ಕಾಯಬೇಕಾಗಿಲ್ಲ. ಒಡಂಬಡಿಕೆಯ ಮಾನವ ಹಕ್ಕುಗಳ ಸಮಿತಿಗೆ ವೈಯಕ್ತಿಕ ದೂರು ಕಳಿಸಿ ಅಂಚೆ ಖರ್ಚು ಮಾಡಬೇಡಿ. ಅದಕ್ಕೆ ಬೇಕಾದ ಐಚ್ಛಿಕ ಪ್ರೋಟೋಕಾಲ್ ಎಂಬ ಪೂರಕ ಒಪ್ಪಂದಕ್ಕೆ ಭಾರತ ಸೇರಿಲ್ಲ.

ಅಣ್ಣನನ್ನು ಬಿಟ್ಟು ಎಷ್ಟು ದಿನವಾಯಿತೆಂದು ನೀವು ಬರೆದಿಲ್ಲ. ಗಾಯ ಇನ್ನೂ ಕಾಣುತ್ತಿದ್ದರೆ ಈ ಉತ್ತರವನ್ನು ಎರಡನೆಯ ಸಲ ಓದುತ್ತಾ ಕೂರಬೇಡಿ, ಸರ್ಕಾರಿ ಆಸ್ಪತ್ರೆಗೆ ಹೊರಡಿ. ಹೇಗಾಯಿತು ಎಂದು ವೈದ್ಯರು ಕೇಳಿದಾಗ ಬಿದ್ದೆ ಎನ್ನುವುದು ಬೇಡ. ಯಾರು, ಎಲ್ಲಿ, ಯಾವುದರಿಂದ ಹೊಡೆದರು ಎಂದು ಅಣ್ಣನೇ ಹೇಳಲಿ, ಅದು ಪ್ರಮಾಣಪತ್ರದಲ್ಲಿ ಬರಲಿ. ಠಾಣೆಯ ಸಿಸಿಟಿವಿ ದೃಶ್ಯವನ್ನು ಉಳಿಸಿಡಬೇಕೆಂದು ಅದೇ ದಿನ ಲಿಖಿತವಾಗಿ ಕೇಳಿ. ಅದನ್ನು ಒಂದು ವರ್ಷಕ್ಕಿಂತ ಕಡಿಮೆ ಕಾಲ ಇಡುವಂತಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಡಿಸೆಂಬರ್‌ನಲ್ಲಿ ಆದೇಶಿಸಿದೆ. ನನ್ನ ತಮ್ಮನ ಕಾಲಕ್ಕೆ ಆ ಆದೇಶವಿರಲಿಲ್ಲ. ಆಯೋಗದ ಅರ್ಜಿ ವಾರದೊಳಗೆ ಹೋಗಲಿ. ಜಿನೀವಾದ ಪತ್ರವನ್ನು ಅದಾದ ಮೇಲೆ ಬರೆಯಿರಿ. ಭಾಷೆ ತಿದ್ದಿಕೊಡಲು ನಾನಿದ್ದೇನೆ.