ಹಳೇ ಲ್ಯಾಪ್‌ಟಾಪಿನ್ಯಾಗ ಲಿನಕ್ಸ್ ಭಾಳ ಸ್ಲೋ ಆಗೈತಿ, ಫೈಲ್ ಸಿಸ್ಟಮ್ ಬದಲಿ ಮಾಡಿದ್ರ ಸರಿ ಹೋಗ್ತೈತೇನು?

ಫಾರ್ಮ್ಯಾಟ್ ಮಾಡಬ್ಯಾಡ್ರಿ ಅಣ್ಣಾರ, ಇವತ್ತಂತೂ ಬ್ಯಾಡವೇ ಬ್ಯಾಡ. ನೀವು ಬರ್ದಿದ್ದು ಇಷ್ಟು: ಹತ್ತು ವರ್ಷಕ್ಕಿಂತ ಹಳೇ ಲ್ಯಾಪ್‌ಟಾಪ್, 4 ಜಿಬಿ ರ್‍ಯಾಮ್, 500 ಜಿಬಿ ತಿರುಗೋ ಹಾರ್ಡ್ ಡಿಸ್ಕ್, ಲಿನಕ್ಸ್ ಮಿಂಟ್, ಬ್ಯಾಟರಿ ಸತ್ತೈತಿ, ಫೋಟೋ ಫೋಲ್ಡರ್ ತೆಗದ್ರ ತಾಸುಗಟ್ಟಲೆ ಕಾದಂಗ ಆಗ್ತೈತಿ, ಪೆನ್‌ಡ್ರೈವ್‌ಗೆ ಕಾಪಿ ಹಚ್ಚಿದ್ರ ಮೊದ್ಲು ಜೋರು ಓಡಿ ಆಮ್ಯಾಲೆ ನಿಂತು ಬಿಡ್ತೈತಿ, ನಡುನಡುವೆ ಇಡೀ ಮಷಿನ್ ಅರ್ಧ ನಿಮಿಷ ಹ್ಯಾಂಗ್. ಸಿಂಧನೂರಾಗ ಯಾರೋ ಫೈಲ್ ಸಿಸ್ಟಮ್ (ಡಿಸ್ಕಿನ್ಯಾಗ ಫೈಲ್ ಜೋಡಿಸಿಡೋ ಪದ್ಧತಿ) ಬದಲಿ ಮಾಡ್ರಿ, ಈಗಿರೋ ಇಎಕ್ಸ್‌ಟಿ4 ತೆಗ್ದು ಬಿಟಿಆರ್‌ಎಫ್‌ಎಸ್ ಹಾಕ್ರಿ ಅಂದಾರ. ಹೊಲದ ಪಹಣಿ ಸ್ಕ್ಯಾನು, ಮಕ್ಕಳ ಫೋಟೋ ಎಲ್ಲಾ ಅದರಾಗೇ ಅದಾವ, ಬೇರೆ ಕಡೆ ಕಾಪಿ ಇಲ್ಲ ಅಂತನೂ ಬರ್ದೀರಿ.

ಆ ಕೊನೇ ಮಾತೇ ಎಲ್ಲಕ್ಕಿಂತ ದೊಡ್ಡದು. ನಾನು ಗಂಗಾವತ್ಯಾಗ ಹಳೇ ಲ್ಯಾಪ್‌ಟಾಪ್ ರಿಪೇರಿ ಮಾಡ್ತೀನಿ, ರೈಸ್ ಮಿಲ್ ಆಫೀಸಿನವು, ಡಿಟಿಪಿ ಅಂಗಡಿಯವು, ಕಾಲೇಜ್ ಹುಡುಗರವು. ಅರ್ಧ ನಿಮಿಷ ಹ್ಯಾಂಗ್ ಆಗಿ ತಾನೇ ಸರಿ ಹೋಗ್ತೈತಿ ಅಂದ್ರ ನನಗ ಮೊದ್ಲು ಅನುಮಾನ ಬರೋದು ಡಿಸ್ಕಿನ ಮ್ಯಾಲೆ, ಫೈಲ್ ಸಿಸ್ಟಮ್ ಮ್ಯಾಲೆ ಅಲ್ಲ. ಇಎಕ್ಸ್‌ಟಿ4 2008ರಾಗೇ ಲಿನಕ್ಸಿನ ತಿರುಳಾದ ಕರ್ನಲ್‌ನ್ಯಾಗ ಸ್ಟೇಬಲ್ ಆಗೈತಿ, ಇಷ್ಟು ಸ್ಲೋ ಆಗೋವಂಥ ದೋಷ ಅದರಾಗಿಲ್ಲ. ಬೋರು ಬತ್ತಿದ ಮ್ಯಾಲೆ ಪೈಪ್ ಬದಲಿ ಮಾಡಿದ್ರ ನೀರು ಬರ್ತೈತೇನು? ಡಿಸ್ಕೇ ಓದಾಕ ಒದ್ದಾಡಾಕತ್ತಿದ್ರ ಯಾವ ಫೈಲ್ ಸಿಸ್ಟಮ್ ಹಾಕಿದ್ರೂ ಅಷ್ಟ.

ಅದಕ್ಕ ಮೊದ್ಲು ಕಾಪಿ ತಗೋರಿ. ಪಹಣಿ ಫೋಲ್ಡರ್ ಮೊದ್ಲು, ಆಮ್ಯಾಲೆ ಫೋಟೋ, ಸಿನಿಮಾ ಹಾಡು ಎಲ್ಲಾ ಕಡೀಕ. ಯಾವ್ದಾದ್ರೂ ಒಂದು ಫೈಲಿಗೆ ಬಂದು ಸಿಕ್ಕೊಂಡ್ರ ಅದನ್ನ ಬಿಟ್ಟು ಮುಂದ ಹೋಗ್ರಿ, ಅದನ್ನೇ ಪದೇ ಪದೇ ಓದ್ಸಬ್ಯಾಡ್ರಿ, ಕೆಟ್ಟ ಜಾಗಾನ ಮತ್ತ ಮತ್ತ ಓದ್ಸಿದ್ರ ಉಳಿದದ್ದೂ ಕೈ ಬಿಡಬಹುದು. ಎಫ್‌ಎಸ್‌ಸಿಕೆ (fsck, ಫೈಲ್ ಸಿಸ್ಟಮ್ ತಪಾಸಿ ರಿಪೇರಿ ಮಾಡೋ ಕಮಾಂಡ್) ಹೊಡೀರಿ ಅಂತ ಯಾರಾದ್ರೂ ಹೇಳಿದ್ರ ಕಾಪಿ ಆಗೋಮಟ ತಡೀರಿ, ಯಾಕಂದ್ರ ರಿಪೇರಿ ಮಾಡುವಾಗ ಅದು ಡಿಸ್ಕಿಗೆ ಬರೀತೈತಿ, ಮೌಂಟ್ ಆಗಿರೋ, ಅಂದ್ರ ಬಳಕಿನ್ಯಾಗಿರೋ ಪಾರ್ಟಿಶನ್ (ಡಿಸ್ಕಿನ ಭಾಗ) ಮ್ಯಾಲಂತೂ ಯಾವತ್ತೂ ಹೊಡೀಬಾರ್ದು.

ಕಾಪಿ ನಿಂತು ಬಿಡ್ತೈತಿ ಅಂದ್ರಲ್ಲ, ಅದಕ್ಕ ಅಂಜಬ್ಯಾಡ್ರಿ. ಲಿನಕ್ಸ್ ಬರಿಯೋದನ್ನ ಮೊದ್ಲು ರ್‍ಯಾಮಿನ್ಯಾಗ ಇಟ್ಕೊಂತೈತಿ, ಅದಕ್ಕ ಶುರುವಿನ್ಯಾಗ 100 ಎಂಬಿ ಸ್ಪೀಡ್ ತೋರಸ್ತೈತಿ, ಆ ಜಾಗಾ ತುಂಬಿದ ಮ್ಯಾಲೆ ಪೆನ್‌ಡ್ರೈವಿನ ಖರೇ ಸ್ಪೀಡಿಗೆ ಬಂದು ನಿಲ್ತೈತಿ. ಮುಗಿದ ಮ್ಯಾಲೂ ಸೇಫ್ಲಿ ರಿಮೂವ್ ಕೊಟ್ಟು, ತೆಗೀಬಹುದು ಅಂತ ಬಂದ ಮ್ಯಾಲೇ ಕೀಳ್ರಿ.

ಈಗ ರೋಗ ಹುಡುಕೋದು. ಟರ್ಮಿನಲ್‌ನ್ಯಾಗ ವಿಎಂಸ್ಟ್ಯಾಟ್ 1 (vmstat 1) ಅಂತ ಹೊಡ್ದು ಬಿಟ್ಟು, ಸ್ಲೋ ಆಗೋ ಕೆಲಸ ಮಾಡ್ರಿ. ಎಸ್‌ಐ, ಎಸ್‌ಒ (si, so) ಅನ್ನೋ ಎರಡು ಕಾಲಮ್ಮಿನ್ಯಾಗ ಒಂದೇ ಸವನೆ ನಂಬರ್ ಬರಾಕತ್ತಿದ್ರ ರ್‍ಯಾಮ್ ಸಾಲವಲ್ದು, ಸ್ವ್ಯಾಪ್ (ಹಿಡಿಸಲಾರದ್ದನ್ನ ಡಿಸ್ಕಿಗೆ ಸರಿಸೋದು) ಅದೇ ಮುದಿ ಡಿಸ್ಕಿಗೆ ಬೀಳಾಕತ್ತೈತಿ ಅಂತ ಅರ್ಥ. 4 ಜಿಬಿ ಮಷಿನ್ನಿನ್ಯಾಗ ಬ್ರೌಸರ್‌ದು ಇಪ್ಪತ್ತು ಟ್ಯಾಬ್ ತೆಗದ್ರ ಇದು ಆಗೇ ಆಗ್ತೈತಿ, ಆಗ ಇನ್ನೊಂದು 4 ಜಿಬಿ ಹಾಕಸ್ರಿ, ಇಲ್ಲಾಂದ್ರ ಝಡ್‌ರ್‍ಯಾಮ್ (ರ್‍ಯಾಮಿನ್ಯಾಗಿದ್ದದ್ದನ್ನ ಒತ್ತಿ ಸಣ್ಣದು ಮಾಡಿ ಜಾಗಾ ಉಳಿಸೋದು) ಆನ್ ಮಾಡ್ರಿ. ಎಸ್‌ಐ ಎಸ್‌ಒ ಸೊನ್ನೆ ಇದ್ದು ಡಬ್ಲ್ಯೂಎ (wa) ಕಾಲಮ್ ಮಾತ್ರ ಏರಿದ್ರ ಸಿಪಿಯು ಖಾಲಿ ಕುಂತೈತಿ, ಡಿಸ್ಕಿನ ದಾರಿ ಕಾಯಾಕತ್ತೈತಿ.

ಆಗ ಮಿಂಟ್‌ನ್ಯಾಗ ಡಿಸ್ಕ್ಸ್ ಅನ್ನೋ ಆ್ಯಪ್ ತೆಗ್ದು ಮೆನುವಿನ್ಯಾಗ ಸ್ಮಾರ್ಟ್ ಡೇಟಾ (SMART, ಡಿಸ್ಕು ತನ್ನ ಆರೋಗ್ಯದ್ದು ತಾನೇ ಇಟ್ಕೊಂಡ ಲೆಕ್ಕ) ನೋಡ್ರಿ. ಮ್ಯಾಲೆ ಡಿಸ್ಕ್ ಓಕೆ ಅಂತ ತೋರ್ಸಿದ್ರೂ ಅದನ್ನೊಂದೇ ನಂಬಬ್ಯಾಡ್ರಿ, ಕೆಳಗಿನ ಟೇಬಲ್ ನೋಡ್ರಿ. ನಂಬರ್ 5 ಅಂದ್ರ ಕೆಟ್ಟು ಬದಲಿ ಆದ ಸೆಕ್ಟರ್ (ಡಿಸ್ಕಿನ ಸಣ್ಣ ತುಣುಕು), 197 ಅಂದ್ರ ಓದಾಕ ಆಗದೇ ಬಾಕಿ ಉಳಿದವು. 197ರಾಗ ಸೊನ್ನೆ ಬಿಟ್ಟು ಏನಾದ್ರೂ ಇದ್ರ ನಿಮ್ಮ ಹ್ಯಾಂಗಿಗೆ ಕಾರಣ ಬಹುಶಃ ಅಲ್ಲೇ ಐತಿ, ಯಾಕಂದ್ರ ಮನಿ ಡಿಸ್ಕು ಒಂದು ಸೆಕ್ಟರ್ ಓದಾಕ ಆಗಲಿಲ್ಲಾಂದ್ರ ಸುಮ್ನೆ ಬಿಡಂಗಿಲ್ಲ, ತಿರುತಿರುಗಿ ಟ್ರೈ ಮಾಡ್ತೈತಿ, ಕರ್ನಲ್ಲೂ ಒಂದು ಕಮಾಂಡಿಗೆ ಸಾಮಾನ್ಯವಾಗಿ 30 ಸೆಕೆಂಡ್ ಕಾಯ್ತೈತಿ, ಅಲ್ಲೀಮಟ ಅದನ್ನ ಕೇಳಿದ ಪ್ರೋಗ್ರಾಮ್ ಗಪ್ಪ. 199 ಏರಾಕತ್ತಿದ್ರ ಮಾತು ಬೇರೆ, ಅದು ಕೇಬಲ್ ಅಥವಾ ಕನೆಕ್ಟರ್‌ದು, ಡಿಸ್ಕ್ ಬಿಚ್ಚಿ ಸ್ವಚ್ಛ ಮಾಡಿ ಗಟ್ಟಿ ಕುಂದ್ರಿಸಿದ್ರ ಎಷ್ಟೋ ಸಲ ಏರೋದು ನಿಂತು ಬಿಡ್ತೈತಿ. 192 ಅನ್ನೋದನ್ನೂ ನೋಡ್ರಿ, ಭಾಳ ಡಿಸ್ಕಿನ್ಯಾಗ ಅದು ಪವರ್ ಒಮ್ಮಿಗೇ ಹೋದ ಲೆಕ್ಕ. ಬ್ಯಾಟರಿ ಸತ್ತ ಲ್ಯಾಪ್‌ಟಾಪು, ನಮ್ಮ ಕಡೆ ಕರೆಂಟು, ಆ ನಂಬರ್ ದೊಡ್ಡದೇ ಇರ್ತೈತಿ.

ಅದಕ್ಕೇ ಒಂದು ಮಾತು ಜೋರಾಗೇ ಹೇಳ್ತೀನಿ. ಇಎಕ್ಸ್‌ಟಿ4 ಸ್ಪೀಡ್ ಮಾಡಾಕ ಜರ್ನಲ್ ಆಫ್ ಮಾಡ್ರಿ, ಬ್ಯಾರಿಯರ್ 0 ಹಾಕ್ರಿ ಅಂತ ನೆಟ್‌ನ್ಯಾಗ ಹೇಳೋರು ಅದಾರ. ಜರ್ನಲ್ ಇದ್ರ ಅರ್ಧಕ್ಕ ನಿಂತ ಕೆಲಸಾನ ಮತ್ತ ಬೂಟ್ ಆದಾಗ ಸರಿ ಮಾಡ್ಕೊಂತೈತಿ, ಬ್ಯಾರಿಯರ್ ಇದ್ರ ಡಿಸ್ಕು ತನ್ನ ಕ್ಯಾಶ್‌ನ್ಯಾಗಿಂದ ಕ್ರಮಾ ತಪ್ಪಿಸಿ ಬರೀದಂಗ ತಡೀತೈತಿ. ಯುಪಿಎಸ್ ಇಲ್ಲದ, ಬ್ಯಾಟರಿ ಇಲ್ಲದ ಮನ್ಯಾಗ ಇವೆರಡನ್ನ ತೆಗ್ದು ಹಾಕಿದ್ರ ಒಂದು ಕರೆಂಟ್ ಕಟ್ಟಿಗೆ ಇಡೀ ಫೋಲ್ಡರ್ ಕಾಣದಂಗ ಆಗಬಹುದು. ನೋಎಟೈಮ್ (ಫೈಲ್ ಓದಿದ ಟೈಮ್ ಬರಿಯೋದನ್ನ ನಿಲ್ಸೋ ಸೆಟ್ಟಿಂಗ್) ಹಾಕಿದ್ರ ಹಾನಿ ಏನಿಲ್ಲ, ಆದ್ರ ದೊಡ್ಡ ಲಾಭಾನೂ ಇಲ್ಲ, 2009ರಿಂದ ಆ ಟೈಮನ್ನ ಅಪರೂಪಕ್ಕಷ್ಟೇ ಬರಿಯೋ ರೆಲ್‌ಎಟೈಮ್ ಡಿಫಾಲ್ಟೇ ಐತಿ.

ಸ್ಮಾರ್ಟ್‌ನ್ಯಾಗ 5, 197, 199 ಎಲ್ಲಾ ಸೊನ್ನೆ ಬಂದ್ರ ಡಿಸ್ಕ್ ಎಷ್ಟು ತುಂಬೈತಿ ನೋಡ್ರಿ. 90% ದಾಟಿದ್ರ ಹೊಸ ಫೈಲಿಗೆ ಒಂದೇ ಕಡೆ ಜಾಗಾ ಸಿಗೂದಿಲ್ಲ, ಚೂರು ಚೂರಾಗಿ ಬೀಳ್ತಾವ. ಇಎಕ್ಸ್‌ಟಿ4 ರೂಟ್‌ಗೆ (ಸಿಸ್ಟಮ್ಮಿನ ಯಜಮಾನ ಖಾತೆಗೆ) ಅಂತ 5% ಎತ್ತಿಡ್ತೈತಿ, 500 ಜಿಬಿಗೆ ಅದೇ 25 ಜಿಬಿ, ಬರೇ ಫೋಟೋ ಇಡೋ ಬೇರೆ ಪಾರ್ಟಿಶನ್ ಇದ್ರ ಟ್ಯೂನ್‌ಟುಎಫ್‌ಎಸ್ (tune2fs) ಕಮಾಂಡಿನಿಂದ ಅದನ್ನ 1% ಮಾಡಬಹುದು. ಫೋಟೋ ಫೋಲ್ಡರ್ ಮೊದಲನೇ ಸಲ ಸ್ಲೋ, ಎರಡನೇ ಸಲ ಪರವಾಗಿಲ್ಲ ಅಂದ್ರ ಥಂಬ್‌ನೇಲ್ (ಸಣ್ಣ ಚಿತ್ರ) ತಯಾರಾಗಾಕತ್ತಾವ ಅಷ್ಟ, ಮಿಂಟಿನ ಫೈಲ್ ಮ್ಯಾನೇಜರ್ ನೀಮೊ ಪ್ರಿಫರೆನ್ಸಿನ್ಯಾಗ ಪ್ರಿವ್ಯೂ ಬಂದ್ ಮಾಡ್ರಿ. 5400 ಆರ್‌ಪಿಎಂ ಡಿಸ್ಕು ಒಂದು ಸುತ್ತಿಗೆ 11 ಮಿಲಿಸೆಕೆಂಡ್ ತಗೊಂತೈತಿ, ಹೆಡ್ ಸರಿಯೋ ಟೈಮ್ ಸೇರಿದ್ರ ಸೆಕೆಂಡಿಗೆ ನೂರು ಸಣ್ಣ ಓದೂ ಆಗೂದಿಲ್ಲ, ಸಾವಿರ ಫೋಟೋ ಅಂದ್ರ ಕಾಯಾಕ ಬೇಕು.

ಡಿಸ್ಕ್ ಕೆಟ್ಟೈತಿ ಅಂತ ಗೊತ್ತಾದ್ರೂ, ಬರೇ ಮುದಿಯಾಗೈತಿ ಅಂತ ಗೊತ್ತಾದ್ರೂ ದುಡ್ಡು ಹಾಕೋದು ಒಂದಕ್ಕೇ ಹಾಕ್ರಿ, 2.5 ಇಂಚಿನ ಸಾಟಾ ಎಸ್‌ಎಸ್‌ಡಿಗೆ (ತಿರುಗೋ ಭಾಗ ಇಲ್ಲದ ಚಿಪ್ಪಿನ ಡಿಸ್ಕಿಗೆ). ಹಳೇ ಪೋರ್ಟು ಸಾಟಾ 2 ಇದ್ರ ಸೆಕೆಂಡಿಗೆ 300 ಎಂಬಿ ದಾಟೂದಿಲ್ಲ, ಅದ್ರ ಚಿಂತಿ ಬ್ಯಾಡ, ಸಣ್ಣ ಓದು ಸೆಕೆಂಡಿಗೆ ಸಾವಿರಗಟ್ಟಲೆ ಆಗ್ತಾವ, ನಿಮಗ ಫರಕ್ ಕಾಣೋದು ಅಲ್ಲೇ. ಕೆಟ್ಟ ಡಿಸ್ಕನ್ನ ಹಂಗೇ ಕ್ಲೋನ್ ಮಾಡಬ್ಯಾಡ್ರಿ, ಮಿಂಟ್ ಹೊಸದಾಗಿ ಹಾಕಿ ಫೈಲ್ ಅಷ್ಟೇ ತನ್ರಿ, ಕಾಪಿ ಆಗದೇ ಉಳಿದ ಫೈಲ್ ಬೇಕೇ ಬೇಕಂದ್ರ ಡಿಡಿರೆಸ್ಕ್ಯೂ (ಕೆಟ್ಟ ಡಿಸ್ಕಿನಿಂದ ಸಿಕ್ಕಷ್ಟು ಎತ್ತೋ ಪ್ರೋಗ್ರಾಮ್) ಐತಿ. ಹಾಕಿದ ಮ್ಯಾಲೆ ಎಫ್‌ಎಸ್‌ಟ್ರಿಮ್ (ಖಾಲಿಯಾದ ಜಾಗಾ ಯಾವ್ದು ಅಂತ ಎಸ್‌ಎಸ್‌ಡಿಗೆ ಹೇಳೋದು) ಟೈಮರ್ ಆನ್ ಐತೋ ಇಲ್ಲೋ ನೋಡ್ಕೋರಿ.

5, 197, 198 (ಡಿಸ್ಕು ತಾನೇ ಪರೀಕ್ಷೆ ಮಾಡ್ಕೊಂಡಾಗ ಓದಾಕ ಆಗದ ಸೆಕ್ಟರ್), 199 ಈ ನಾಕು ಸಾಲಿನ ಫೋಟೋ, ವಿಎಂಸ್ಟ್ಯಾಟ್‌ದು ಒಂದು ಹತ್ತು ಸಾಲು, ಇಷ್ಟು ಇಲ್ಲಿ ಹಾಕ್ರಿ, ಕೇಬಲ್ಲೋ ಡಿಸ್ಕೋ ರ್‍ಯಾಮೋ ನೋಡಿ ಹೇಳ್ತೀನಿ.