ಹೆಸರು ಬದಲಿಸಿದೆ, ಭರಣಿ ಬದಲಿಸಲಿಲ್ಲ

ನೆರೆಮನೆಯ ಹೆಂಗಸಿನ ಬದುಕನ್ನು ಕಾದಂಬರಿ ಮಾಡುತ್ತಿದ್ದೀರಿ, ಹೆಸರು ಮತ್ತು ಊರು ಬದಲಿಸಿದರೆ ಸಾಕೇ ಎಂದು ಕೇಳಿದ್ದೀರಿ. ನಾನೂ ಅಷ್ಟನ್ನೇ ಮಾಡಿದ್ದೆ.

ನಮ್ಮ ಸೋದರತ್ತೆ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಸಾಗರದ ಹತ್ತಿರದ ನಮ್ಮ ಮನೆಗೆ ಮರಳಿದವರು. ಹಲಸಿನಕಾಯಿ ಹಪ್ಪಳ ಮಾಡಿ ಪೇಟೆಯ ಅಂಗಡಿಗೆ ಕೊಡುತ್ತಿದ್ದರು. ಬಂದ ಹಣವೆಲ್ಲ ಅಪ್ಪೆಮಿಡಿ ಉಪ್ಪಿನಕಾಯಿ ಖಾಲಿಯಾದ ಹಳೆಯ ಭರಣಿಯೊಂದರಲ್ಲಿ; ಅದರ ಬಾಯಿಗೆ ಬಟ್ಟೆ ಬಿಗಿದು ಅಟ್ಟದ ಏಣಿಯ ಕೆಳಗೆ ಇಡುತ್ತಿದ್ದರು. ಮನೆಗೆ ಬಂದು ಹೋಗುವವರಿಗೂ ಇದು ಗೊತ್ತಿತ್ತು. ವರ್ಷಕ್ಕೊಮ್ಮೆ ಭರಣಿ ಬರಿದಾಗುತ್ತಿತ್ತು. ಹಣ ಎಲ್ಲಿಗೆ ಹೋಯಿತೆಂದು ಯಾರೂ ಕೇಳುತ್ತಿರಲಿಲ್ಲ.

ಕಥೆ ಬರೆಯುವವನಿಗೆ ಇನ್ನೇನು ಬೇಕು? ಅತ್ತೆಗೆ ಬೇರೆ ಹೆಸರಿಟ್ಟೆ, ಸಾಗರವನ್ನು ಕೊಪ್ಪ ಮಾಡಿದೆ, ಹಣವನ್ನು ಹಳೆಯ ಪ್ರಿಯಕರನಿಗೆ ಮನಿಯಾರ್ಡರ್ ಮಾಡಿಸಿದೆ. ದೀಪಾವಳಿ ವಿಶೇಷಾಂಕವೊಂದರಲ್ಲಿ ಕಥೆ ಬಂತು. ಪಾತ್ರಗಳೆಲ್ಲ ಕಾಲ್ಪನಿಕ ಎಂಬ ಸಾಲನ್ನು ಬೇರೆ ಹಾಕಿಸಿದ್ದೆ.

ತುಳಸಿ ಪೂಜೆಯ ಹೊತ್ತಿಗೆ ಊರೆಲ್ಲ ಓದಿಯಾಗಿತ್ತು. ಮದುವೆಮನೆಯೊಂದರಲ್ಲಿ ಉಪ್ಪಿನಕಾಯಿ ಬಡಿಸಲು ಬಂದ ಅತ್ತೆಯನ್ನು, ‘ಇದು ಯಾವ ಭರಣಿಯದ್ದು?’ ಎಂದು ಯಾರೋ ಕೇಳಿದರಂತೆ. ಪಂಕ್ತಿಯ ಈ ತುದಿಯಿಂದ ಆ ತುದಿಯವರೆಗೆ ನಗು.

ನನ್ನ ತಪ್ಪು ಏನೆಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ನನಗೇ ಅದು ತಿಳಿಯಲು ಎರಡು ವರ್ಷ ಬೇಕಾಯಿತು. ಭರಣಿಯನ್ನು ಬರೆದದ್ದೇ ತಪ್ಪೆಂದು ಮೊದಲು ಅಂದುಕೊಂಡಿದ್ದೆ. ಅಲ್ಲ. ಭರಣಿ ನಿಜ, ಪ್ರಿಯಕರ ಸುಳ್ಳು. ಎರಡನ್ನೂ ಒಂದೇ ಕಥೆಯಲ್ಲಿ ಇಟ್ಟೆ. ಭರಣಿಯನ್ನು ಕಂಡವರು ಅತ್ತೆಯನ್ನು ಗುರುತಿಸಿದರು. ಗುರುತಿಸಿದ ಮೇಲೆ ಪ್ರಿಯಕರನನ್ನೂ ನಂಬಿದರು. ನಾನು ಕಂಡದ್ದು ನಾನು ಕಟ್ಟಿದ್ದಕ್ಕೆ ಸಾಕ್ಷಿ ಹೇಳಿತು. ಬರೀ ನಿಜ ಬರೆದಿದ್ದರೆ ಅತ್ತೆ ನಾಲ್ಕು ದಿನ ಮುನಿಸಿಕೊಳ್ಳುತ್ತಿದ್ದರು. ಪೂರ್ತಿ ಕಟ್ಟಿದ್ದರೆ ಅದು ಅವರ ಕಥೆಯೇ ಆಗುತ್ತಿರಲಿಲ್ಲ. ಭರಣಿಯ ಬದಲು ಸಾಸಿವೆ ಡಬ್ಬಿ ಎಂದಿದ್ದರೂ ಇಷ್ಟು ಆಗುತ್ತಿರಲಿಲ್ಲವೇನೋ. ಆದರೆ ಭರಣಿಯ ಮೇಲೆ ನನಗೆ ಮೋಹ, ಕಥೆಯಲ್ಲಿ ಚೆನ್ನಾಗಿದ್ದದ್ದು ಅದೊಂದೇ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ, ಬಟಾಣಿ ಕೀಳುವ ಕೂಲಿಗಳ ಬಿಡಾರದ ಬಳಿ, ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ ಒಬ್ಬ ತಾಯಿಯ ಫೋಟೋ ತೆಗೆದರು. ಗಲ್ಲಕ್ಕೆ ಕೈ ಕೊಟ್ಟು ಕುಳಿತ ತಾಯಿ, ಮುಖ ಆಚೆ ತಿರುಗಿಸಿ ಅವಳಿಗೆ ಒರಗಿದ ಮಕ್ಕಳು, ನೀವೂ ನೋಡಿರುತ್ತೀರಿ. ಲ್ಯಾಂಗ್ ಅವಳ ಹೆಸರನ್ನೇ ಕೇಳಿಕೊಳ್ಳಲಿಲ್ಲ. ಆದರೆ ಅನ್ನಕ್ಕಾಗಿ ಆ ಮನೆಯವರು ಕಾರಿನ ಟೈರುಗಳನ್ನು ಮಾರಿದ್ದರು ಎಂದು ಬರೆದರು. ಮಾರಲು ಟೈರುಗಳೇ ಇರಲಿಲ್ಲ ಎಂದು ಆಕೆಯ ಮಗ ಮುಂದೆ ಹೇಳಿದ. ಮುಖ ನಿಜವಾದದ್ದರಿಂದ ಟೈರಿನ ಮಾತೂ ನಿಜವಾಗಿಬಿಟ್ಟಿತ್ತು. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಲೋಕಕ್ಕೆ ತಿಳಿದದ್ದು 1978ರಲ್ಲಿ. ಆ ಚಿತ್ರದಿಂದ ತನಗೆ ಒಂದು ಕಾಸೂ ಬರಲಿಲ್ಲವೆಂಬ ಸಿಟ್ಟು ಆಕೆಗೆ ಆಗಲೂ ಇತ್ತು.

ಕಾನೂನಿನ ಮಾತನ್ನೂ ಎತ್ತಿದ್ದೀರಿ. ಮಾನಹಾನಿಗೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು ಇದೆ. ಹೆಸರು ಬದಲಿಸಿದರೂ ಗುರುತು ಸಿಗುವಂತಿದ್ದರೆ ರಕ್ಷಣೆ ಇಲ್ಲ. ಉಳಿದದ್ದನ್ನು ವಕೀಲರನ್ನು ಕೇಳಿ. ನಿಮ್ಮ ನೆರೆಮನೆಯವರು ನ್ಯಾಯಾಲಯಕ್ಕೆ ಹೋಗುವವರಲ್ಲ, ನಮ್ಮ ಅತ್ತೆಯೂ ಅಲ್ಲ.

ತಪ್ಪಾಯಿತು ಎನ್ನಲು ಹೋದಾಗ ಅತ್ತೆ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತದೆಯೇ, ‘ನನ್ನ ಹೆಸರು ಬದಲಿಸಿದೆ, ಒಳ್ಳೆಯದು ಅಪ್ಪಿ. ಆದರೆ ಆ ಗಂಡಸಿಗೆ ಒಂದು ಹೆಸರಿಟ್ಟೆಯಲ್ಲ, ಆ ಹೆಸರಿನವರು ನಮ್ಮ ಕೇರಿಯಲ್ಲೇ ಇಬ್ಬರಿದ್ದಾರೆ. ನಾನು ದೇವಸ್ಥಾನಕ್ಕೆ ಯಾವ ದಾರಿಯಲ್ಲಿ ಹೋಗಲಿ?’ ಎಂದರು.

ಅದು ನನಗೆ ಹೊಳೆದೇ ಇರಲಿಲ್ಲ. ಹಣ ಎಲ್ಲಿಗೆ ಹೋಗುತ್ತಿತ್ತೆಂದು ಕೇಳುವ ಯೋಗ್ಯತೆ ಆ ದಿನವೂ ನನಗಿರಲಿಲ್ಲ, ಇಂದಿಗೂ ಕೇಳಿಲ್ಲ.

ಒಪ್ಪಿಗೆ ಪತ್ರ ಬರೆಸಿಕೊಳ್ಳಲೇ ಎಂದೂ ಕೇಳಿದ್ದೀರಿ. ಬೇಡ. ಏನು ಬರೆದಿದ್ದೀರೆಂದು ತಿಳಿಯದೆ ಹಾಕಿದ ಸಹಿಯಿಂದ ನಿಮಗೆ ನಿದ್ದೆ ಬರಬಹುದು, ಅವರಿಗೆ ಏನೂ ಸಿಗುವುದಿಲ್ಲ. ಅಚ್ಚಿಗೆ ಕೊಡುವ ಮೊದಲು ಒಂದು ಮಧ್ಯಾಹ್ನ ಅವರ ಜಗಲಿಯಲ್ಲಿ ಕುಳಿತು ಓದಿ ಹೇಳಿ. ನೀವು ಕಂಡದ್ದನ್ನು ಆಮೇಲೆ ಓದಿದರಾಯಿತು, ಕಟ್ಟಿದ ಭಾಗವನ್ನು ಮೊದಲು ಓದಿ.